ಹಗ್ಗ ಹಿಡಿದವನ ಕಾರ್ನಿವಲ್

ರೆಸ್ಯೂಮೆಯಲ್ಲಿ ಲೋಕಲ್ ಎಕ್ಸ್‌ಪೀರಿಯೆನ್ಸ್ ಇಲ್ಲದವನಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಗುತ್ತಿರಲಿಲ್ಲ. ಅದಕ್ಕೇ ಡಾಕ್‌ಲ್ಯಾಂಡ್ಸ್‌ನ ಕೆರಿಬಿಯನ್ ಕಾರ್ನಿವಲ್‌ಗೆ ವಾಲಂಟಿಯರ್ ಆಗಿ ಹೋದೆ. ಗರಿಯುಡುಪು ತೊಟ್ಟು ಕುಣಿಯುವವರ ಸುತ್ತ ಹಗ್ಗ ಹಿಡಿದು, ನೋಡಲು ಬಂದವರು ಒಳನುಗ್ಗದಂತೆ ತಡೆಯುವ ಘನಕಾರ್ಯ ನನ್ನದು. ಇಂಟರ್‌ವ್ಯೂ ಶರ್ಟಿಗೆ ಇಸ್ತ್ರಿ ಹಾಕಿ, ಇನ್‌ಶರ್ಟ್ ಮಾಡಿಕೊಂಡು ನಿಂತಿದ್ದೆ. ಡ್ರಮ್ಮಿನ ಸದ್ದಿಗೆ ನೆಲವೇ ನಡುಗುತ್ತಿತ್ತು, ನಾನು ಮಾತ್ರ ಅಲುಗಲಿಲ್ಲ.

ಗ್ಲೆನ್ ವೇವರ್ಲಿ ಬಡಾವಣೆಯ ಪರಿಚಯದ ಕನ್ನಡದ ಆಂಟಿಯೊಬ್ಬರು ಗುಂಪು ಸೀಳಿಕೊಂಡು ಬಂದು ಕಿವಿಯಲ್ಲಿ ಕಿರುಚಿದರು: "ಪಿಆರ್ ಬಂತೇನಪ್ಪಾ, ಇಲ್ಲೇ ಕಾಯಂ ಉಳಿಯೋಕೆ?"

ಅಷ್ಟರಲ್ಲಿ ಕುಣಿಯುತ್ತಿದ್ದ ಕೆರಿಬಿಯನ್ ಅಜ್ಜಿಯೊಬ್ಬರು ನನ್ನ ಕೈಹಿಡಿದು ಒಳಗೆಳೆದರು. ಆಂಟಿ ನೋಡುತ್ತಿದ್ದರಲ್ಲ, "ಡ್ಯೂಟಿಯಲ್ಲಿದ್ದೇನೆ" ಎಂದು ಅಜ್ಜಿಯ ಕೈ ಬಿಡಿಸಿಕೊಂಡು ಮತ್ತೆ ಹಗ್ಗ ಹಿಡಿದೆ.

ಮುಂದಿನ ಇಂಟರ್‌ವ್ಯೂನಲ್ಲಿ ರೆಸ್ಯೂಮೆಯಲ್ಲಿದ್ದ ಕಾರ್ನಿವಲ್ ನೋಡಿ ಮ್ಯಾನೇಜರ್ ನಗುತ್ತಾ ಕೇಳಿದ, "ನೀವೂ ಕುಣಿದಿರಾ?"

"ಇಲ್ಲ ಸರ್, ಒಂದು ಹೆಜ್ಜೆಯೂ ಹಾಕಲಿಲ್ಲ."

ಅಲ್ಲೇ ಕೆಲಸ ಕೊಟ್ಟ. ಅವನಿಗೂ ಹಗ್ಗ ಬಿಡದೆ ನಿಲ್ಲುವಂಥವನೇ ಬೇಕಾಗಿದ್ದ.