ಹೊಗೆಯೇಳದ ಟೈರು

ನಮ್ಮ ಬೋಲ್ಟುವಿನ ವಿಷಯ ಹೇಳಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು. ಅವಳ ಮೇಲಲ್ಲ. ಅವಳು ನನ್ನ ಅಕ್ಕನ ಮಗಳು, ನಾನು ಅವಳ ಚಿಕ್ಕಮ್ಮ, ಅಕ್ಕ ತೀರಿಕೊಂಡ ಮೇಲೆ ನನ್ನ ಕೈಯಲ್ಲೇ ಬೆಳೆದವಳು. ಅಂಬೆಗಾಲಿಡುವಾಗ ಲಾರಿಯ ಬೋಲ್ಟೊಂದನ್ನು ಬಾಯಿಗೆ ಹಾಕಿಕೊಂಡು ಮನೆಮಂದಿಯ ಜೀವ ಬಾಯಿಗೆ ತಂದಿದ್ದಳು. ಆ ಹೆಸರು ಅವತ್ತು ಅಂಟಿದ್ದು, ಇನ್ನೂ ಬಿಟ್ಟಿಲ್ಲ.

ನಾನು ಲಾರಿ ಯಾರ್ಡಿನ ಮೂಲೆಯ ತಗಡಿನ ಶೆಡ್ಡಿನಲ್ಲಿ ಟಾರ್ಪಾಲು ಹೊಲಿಯುತ್ತೇನೆ. ನನ್ನ ಹೊಲಿಗೆ ಮಿಷನ್ನು ಗೇಟಿಗೆ ಮುಖ ಮಾಡಿಕೊಂಡಿದೆ. ಅಲ್ಲಿ ನಡೆಯುವ ಒಳ್ಳೆಯದು ಕೆಟ್ಟದ್ದು ಎಲ್ಲವೂ ನನ್ನ ಕಣ್ಣೆದುರಿಗೇ ಆಗಬೇಕು.

ಬೋಲ್ಟುವಿನ ಅಪ್ಪ, ಅಂದರೆ ನನ್ನ ಭಾವ, ಕ್ರೇನ್ ಲಾರಿಯವರು. ರಸ್ತೆಯಲ್ಲಿ ಮಗುಚಿಬಿದ್ದ ಗಾಡಿಗಳನ್ನು ಎತ್ತಿ ಎಳೆದು ತರುವುದು ಅವರ ಕಸುಬು. ಕೊಂಡಾಗ ಅದು ಎಲ್ಲರ ಲಾರಿಯಂಥದ್ದೇ ಲಾರಿ. ಒಂದು ಸಲ ಬಸ್ಸೊಂದನ್ನು ಎಳೆಯುವಾಗ ಹಿಂದಿನ ಚಕ್ರಗಳು ನಿಂತಲ್ಲೇ ಗಿರಗಿರ ಸುತ್ತಿ, ಗಾಡಿ ಜಾರಿ, ಬಸ್ಸಿನ ಜೊತೆ ತಾವೂ ಹಳ್ಳ ಸೇರುವುದರಲ್ಲಿದ್ದರು. ಅಲ್ಲಿಂದ ಭಾವನಿಗೆ ಒಂದೇ ಹುಚ್ಚು, ಇನ್ನು ಈ ಗಾಡಿ ಜಾರಕೂಡದು. ಹಿಂದೆ ದೊಡ್ಡ ಕ್ರೇನ್ ಕೂರಿಸಿದರು. ಅದರ ಕೆಳಗೆ ದಪ್ಪ ದಪ್ಪ ಕಬ್ಬಿಣದ ಹಲಗೆಗಳನ್ನು ಬೆಸುಗೆ ಹಾಕಿಸಿದರು. ಹಿಂದೆ ಇನ್ನೊಂದು ಸಾಲು ಚಕ್ರ ಸೇರಿಸಿ, ಅದಕ್ಕೂ ಇಂಜಿನ್ನಿನ ಬಲ ಮುಟ್ಟುವಂತೆ ಮಾಡಿಸಿದರು. ಟೈರುಗಳಂತೂ ನನ್ನ ಎದೆಯೆತ್ತರ. ಈ ಎಲ್ಲ ಕೆಲಸದಲ್ಲೂ ಬೋಲ್ಟು ಗಾಡಿಯ ಅಡಿಯಲ್ಲಿ ಮಲಗಿ ಕೈ ಕಪ್ಪು ಮಾಡಿಕೊಂಡವಳೇ.

ಭಾವನ ಮಂಡಿ ಕೈಕೊಟ್ಟಿತು. ಕ್ಲಚ್ ತುಳಿಯಲು ಆಗದಾಯಿತು. ಗಾಡಿ ಮಗಳು ಓಡಿಸುತ್ತಾಳೆ ಅಂತ ಅವರೇ ಹೇಳಿದರು. ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಯಾರ್ಡಿನ ದೊಡ್ಡಮನುಷ್ಯರ ಹೊಟ್ಟೆಯುರಿ.

ನಮ್ಮ ಯಾರ್ಡಿನಲ್ಲಿ ಒಂದು ಪದ್ಧತಿ. ಗೇಟಿನ ಪಕ್ಕ ಹಳೆಯ ಸೇತುವೆಯ ಕಾಂಕ್ರೀಟ್ ದಿಮ್ಮಿಯೊಂದು ನೆಲದಲ್ಲಿ ಹೂತುಕೊಂಡಿದೆ. ಹೊಸದಾಗಿ ಸ್ಟೇರಿಂಗ್ ಹಿಡಿಯುವವನು ಲಾರಿಯ ಮೂತಿಯನ್ನು ಅದಕ್ಕೆ ಒತ್ತಿ ನಿಲ್ಲಿಸಿ, ಇಂಜಿನ್ ಅರಚಿಸಿ, ಕ್ಲಚ್ಚನ್ನು ಫಕ್ಕನೆ ಬಿಡಬೇಕು. ಮುಂದೆ ಹೋಗಲು ದಾರಿಯಿಲ್ಲದೆ ಹಿಂದಿನ ಟೈರು ನಿಂತಲ್ಲೇ ಸುತ್ತಿ ಹೊಗೆಯೇಳಬೇಕು. ಹೊಗೆ ಎದ್ದರೆ ಅವನು ಡ್ರೈವರ್, ಬಾಡಿಗೆಯ ಸರದಿಯಲ್ಲಿ ಅವನಿಗೆ ಜಾಗ. ಇಲ್ಲದಿದ್ದರೆ ಇಲ್ಲ. ಯಾವ ಪುಣ್ಯಾತ್ಮ ಕಂಡುಹಿಡಿದನೋ!

ಇದುವರೆಗೆ ಗಂಡುಹುಡುಗರೆಲ್ಲ ಇದನ್ನು ಮಾಡಿದ್ದು ಖಾಲಿ ಲಾರಿಯಲ್ಲಿ, ಬೋಳು ಟೈರಿನಲ್ಲಿ. ಹಿಂದೆ ಭಾರವಿಲ್ಲದ ಗಾಡಿಯ ಟೈರು ನೆಲವನ್ನು ಸುಮ್ಮನೆ ಮುಟ್ಟಿಕೊಂಡಿರುತ್ತದೆ, ಒದ್ದರೆ ಸುತ್ತುತ್ತದೆ. ನಮ್ಮ ಕ್ರೇನ್ ಲಾರಿಯ ಕಥೆಯೇ ಬೇರೆ. ಅಷ್ಟೂ ಕಬ್ಬಿಣ ಹಿಂದಿನ ಚಕ್ರಗಳನ್ನು ನೆಲಕ್ಕೆ ಅದುಮಿ ಹಿಡಿದಿದೆ. ಬಲ ಎರಡು ಸಾಲು ಚಕ್ರಗಳಿಗೆ ಹಂಚಿಹೋಗುತ್ತದೆ. ಚಕ್ರ ದೊಡ್ಡದಾದಷ್ಟೂ ಅದನ್ನು ತಿರುಗಿಸಲು ಇಂಜಿನ್ ಹೆಚ್ಚು ತಿಣುಕಬೇಕು. ಟೈರು ಬಿಡುವುದಿಲ್ಲ, ದಿಮ್ಮಿ ಕದಲುವುದಿಲ್ಲ. ಮಧ್ಯೆ ಸಿಕ್ಕಿಕೊಂಡ ಇಂಜಿನ್ ಆಫ್ ಆಗಬೇಕು, ಇಲ್ಲವೇ ಕ್ಲಚ್ ಸುಟ್ಟುಹೋಗಬೇಕು. ಇದು ಯಾರ್ಡಿನ ನಾಯಿಗೂ ಗೊತ್ತು.

ಗೊತ್ತಿದ್ದೇ ಮೇಸ್ತ್ರಿ, ಯಾರ್ಡಿನ ಯಜಮಾನ, ಹಲ್ಲು ಕಿರಿದು ಹೇಳಿದ: "ಯಾವ ಗಾಡಿ ಓಡಿಸ್ತೀಯೋ ಅದರಲ್ಲೇ ಹೊಗೆ ಎಬ್ಬಿಸ್ಬೇಕಮ್ಮ. ಆಗ್ಲಿಲ್ಲ ಅಂದ್ರೆ ಬೇಜಾರಿಲ್ಲ, ನನ್ನ ಭಾಮೈದ ಇದಾನೆ, ಅವನು ಓಡಿಸ್ತಾನೆ."

ಅಲ್ಲಿಗೆ ಅವನ ಹೊಂಚು ಏನೆಂದು ಊಹಿಸುವುದೇನೂ ಬಾಕಿಯಿರಲಿಲ್ಲ, ಭಾಮೈದ ಆಗಲೇ ಗಾಡಿಯ ಬಾಗಿಲಿಗೆ ಒರಗಿ ನಿಂತಿದ್ದ.

ಬೋಲ್ಟು ಅಪ್ಪನ ಕಡೆ ತಿರುಗಿದಳು. "ಅಪ್ಪ, ನೀನಾದ್ರೂ ಹೇಳು. ಇದ್ರಲ್ಲಿ ಆಗಲ್ಲ ಅಂತ ನಿಂಗೊತ್ತಲ್ಲ?"

ಭಾವ ತುಟಿ ಪಿಟಕ್ಕೆನ್ನಲಿಲ್ಲ. ಕಾರಣ ನನಗೆ ಗೊತ್ತು. ಪ್ರಾಯದಲ್ಲಿ ಇಡೀ ಯಾರ್ಡಿನಲ್ಲೇ ಹೆಚ್ಚು ಹೊಗೆ ಎಬ್ಬಿಸಿದವರು ಅವರು. ನನ್ನ ಗಾಡಿ ಮಾಡದ ಕೆಲಸವೇ ಇಲ್ಲ ಅಂತ ಕಂಡಕಂಡವರ ಮುಂದೆ ಕೊಚ್ಚಿಕೊಂಡವರು. ಈಗ ಎಲ್ಲರೆದುರು ಆಗುವುದಿಲ್ಲ ಅನ್ನಲು ನಾಲಿಗೆ ಏಳಲಿಲ್ಲ. ಮಗಳ ಅನ್ನಕ್ಕಿಂತ ಮೀಸೆ ದೊಡ್ಡದಾಯಿತು.

ಅವಳು ಹತ್ತಿದಳು. ಇಂಜಿನ್ ಅರಚಿತು, ಗಾಡಿ ನಡುಗಿತು, ಆಫ್ ಆಯಿತು. ಮತ್ತೊಮ್ಮೆಯೂ ಅದೇ. ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಕೆಳಗಿಳಿದು ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟಳು.

"ಇನ್ನೊಂದು ಸಲ ಮಾಡಿದ್ರೆ ಕ್ಲಚ್ ಹೋಗುತ್ತೆ. ನಾನು ಮಾಡಲ್ಲ. ಆಗುತ್ತೆ ಅನ್ನೋರು ಮಾಡಿ ತೋರಿಸಿ."

ಭಾಮೈದನಿಗೆ ಅಷ್ಟೇ ಸಾಕಾಗಿತ್ತು. ಹಾರಿ ಹತ್ತಿದ. ಇಂಜಿನ್ ಆಫ್ ಆಗದಿರಲೆಂದು ಕ್ಲಚ್ಚನ್ನು ಅರ್ಧ ತುಳಿದುಕೊಂಡೇ ಆಕ್ಸಿಲರೇಟರ್ ಅದುಮಿದ, ಅದುಮಿದ, ಅದುಮುತ್ತಲೇ ಇದ್ದ. ಹೊಗೆಯೇನೋ ಬಂತು, ಆದರೆ ಟೈರಿನಿಂದಲ್ಲ, ಗಾಡಿಯ ಹೊಟ್ಟೆಯಿಂದ. ಸುಟ್ಟ ಕ್ಲಚ್ಚಿನ ನಾತ ನನ್ನ ಶೆಡ್ಡಿನವರೆಗೂ ಬಂದು ಟಾರ್ಪಾಲುಗಳಿಗೆಲ್ಲ ಅಂಟಿತು. ಇಂಜಿನ್ ಓಡುತ್ತಿದೆ, ಗಾಡಿ ಮಾತ್ರ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಗೇಟಿಗೆ ಅಡ್ಡಲಾಗಿ, ಮಲಗಿದ ಎಮ್ಮೆಯಂತೆ ನಿಂತುಬಿಟ್ಟಿತು.

ನಮ್ಮ ಯಾರ್ಡು ಗೇಟಿನ ಕಡೆಗೆ ಇಳಿಜಾರು. ಕ್ರೇನ್ ಲಾರಿಯನ್ನು ಏರಿನ ಮೇಲೆ ಹಿಂದಕ್ಕೆ ಎಳೆಯದೆ ಒಂದು ಗಾಡಿಯೂ ಹೊರಗೆ ಹೋಗುವಂತಿಲ್ಲ. ಲೋಡು ಕಾಯುತ್ತಿರುವುದು ಹೊರಗೆ, ಒಳಗಿರುವುದೆಲ್ಲ ಖಾಲಿ ಲಾರಿಗಳು. ಸರಪಳಿ ಕಟ್ಟಿದರು. ಎಳೆದರು. ಖಾಲಿ ಲಾರಿಗಳ ಟೈರು ಗಿರ್ರನೆ ಸುತ್ತಿದವು. ಒಂದರ ಹಿಂದೆ ಒಂದು ಕಟ್ಟಿದರೂ ಅದೇ ಹಾಡು. ಯಾರ್ಡಿನ ತುಂಬ ಕಣ್ಣು ಬಿಡಲಾಗದಷ್ಟು ಹೊಗೆ! ಇಷ್ಟು ಭಾರದ ಗಾಡಿಯನ್ನು ಎಳೆದು ತೆಗೆಯಬಲ್ಲ ಲಾರಿ ಊರಿನಲ್ಲಿ ಇದ್ದದ್ದು ಒಂದೇ, ಅದು ಗೇಟಿನಲ್ಲಿ ಸಿಕ್ಕಿಕೊಂಡಿತ್ತು.

"ಮೇಸ್ತ್ರಿ, ಇವತ್ತು ಎಲ್ಲರೂ ಡ್ರೈವರ್ ಆದ್ರಲ್ಲ," ಎಂದು ನಾನು ಶೆಡ್ಡಿನಿಂದಲೇ ಕೂಗಿದೆ. ಅನ್ನದಿದ್ದರೆ ನನಗೆ ಉಂಡದ್ದು ಜೀರ್ಣವಾಗುತ್ತಿರಲಿಲ್ಲ.

ಬೋಲ್ಟು ಸಾಮಾನಿನ ಪೆಟ್ಟಿಗೆಯ ಮೇಲೆ ಕೂತಿದ್ದಳು. ಗೇರ್‌ಬಾಕ್ಸ್ ಇಳಿಸಿ ಆ ಗಾಡಿಯ ಕ್ಲಚ್ ಪ್ಲೇಟ್ ಬದಲಿಸಿದ ಕೈ ಯಾರ್ಡಿನಲ್ಲಿ ಅವಳದೊಂದೇ. ಮೇಸ್ತ್ರಿ ಬಂದು ಅವಳ ಮುಂದೆ ನಿಂತ. "ಸ್ವಲ್ಪ ನೋಡಮ್ಮ ಬೋಲ್ಟು."

"ನಾನ್ಯಾಕೆ ನೋಡ್ಲಿ? ಆ ಗಾಡಿಗೂ ನಂಗೂ ಏನು ಸಂಬಂಧ? ಅದರ ಡ್ರೈವರ್ ನಿಮ್ಮ ಭಾಮೈದ ಅಲ್ವಾ?"

ಹೊರಗೆ ಲೋಡಿನವರು ಹಾರ್ನ್ ಹೊಡೆಯತೊಡಗಿದರು. ಆಗ, ಆವಾಗ ನಮ್ಮ ಭಾವ ಕುಂಟುತ್ತಾ ಮುಂದೆ ಬಂದರು. "ಈ ಗಾಡಿ ಟೈರ್ ಸುತ್ತಲ್ಲ ಕಣ್ರೋ. ಸುತ್ತಬಾರ್ದು ಅಂತ್ಲೇ ನಾನು ಹೀಗೆ ಮಾಡ್ಸಿದ್ದು. ಅವಳ ಸರದಿ ಅವಳಿಗೆ ಕೊಡಿ."

ಕೊಟ್ಟರು. ಕೊಡದೆ ಎಲ್ಲಿಗೆ ಹೋಗುತ್ತಾರೆ! ಅವಳು ಗಾಡಿಯ ಅಡಿಗೆ ನುಗ್ಗಿದಳು. ಸ್ಪ್ಯಾನರ್ ಕೊಡಲು ಭಾವ ಪಕ್ಕದಲ್ಲೇ ಕೂತರು. ಅವಳು ಕೈಚಾಚಿ ತಾನೇ ತೆಗೆದುಕೊಂಡಳು. ಮಧ್ಯಾಹ್ನ ಕಳೆದ ಮೇಲೆ ಗಾಡಿ ಹಿಂದಕ್ಕೆ ಸರಿಯಿತು, ಗೇಟು ಬಿಡುವಾಯಿತು.

ಸಂಜೆಗೆ ಕರೆ ಬಂತು, ತಿರುವಿನಲ್ಲಿ ಹಾಲಿನ ಟ್ಯಾಂಕರ್ ಮಗುಚಿದೆಯಂತೆ. ಬೋಲ್ಟು ಸ್ಟೇರಿಂಗ್ ಹಿಡಿದು ಕೂತಳು. ಭಾವ ಆಗಲೇ ಆಚೆ ಬಾಗಿಲಿನ ಹಿಡಿಕೆ ಹಿಡಿದು, ಯಾರಾದರೂ ಎತ್ತಿ ಹತ್ತಿಸಲಿ ಅಂತ ಕಾಯುತ್ತಿದ್ದರು. ಅವರ ಮುಖ ಬೆಳಗಿತ್ತು. ಬೆಳಗ್ಗೆ ಏನೂ ನಡೆದೇ ಇಲ್ಲ ಅನ್ನುವ ಹಾಗೆ.

"ಚಿಕ್ಕಮ್ಮ, ನೀನು ಬಾ," ಎಂದಳು ಅವಳು. "ಹುಕ್ಕು ಹಾಕುವಾಗ ಕೂಗಿ ಹೇಳೋಕೆ ಒಬ್ಬರು ಬೇಕು."

"ಕೂಗಿ ಹೇಳೋಕೆ ನಾನಿಲ್ವೇನಮ್ಮ?" ಎಂದರು ಭಾವ.

ಅವಳು ಅಪ್ಪನನ್ನು ನೋಡಿದಳು. ದನಿ ಏರಿಸಲಿಲ್ಲ. "ಬೆಳಗ್ಗೆ ನಾನು ಕೇಳಿದಾಗ ನೀನು ಹೇಳ್ಲಿಲ್ಲಪ್ಪ. ಅಲ್ಲಿ ಗಾಡಿಯ ಕೆಳಗೆ ಜನ ಇರ್ತಾರೆ, ಹೇಳ್ದೇ ಇದ್ರೆ ಜೀವ ಹೋಗುತ್ತೆ."

ಭಾವ ಹಿಡಿಕೆ ಬಿಟ್ಟರು. ನಾನು ಹೊಲಿಯುತ್ತಿದ್ದ ಟಾರ್ಪಾಲನ್ನು ಅಲ್ಲೇ ಬಿಟ್ಟು ಹೋಗಿ ಗಾಡಿ ಹತ್ತಿದೆ.