ಒಂದು ಚಹಾದಷ್ಟು ಹೊತ್ತು

ಆ ಸೆಣಬಿನ ಕಾರ್ಖಾನೆಯ ಹಳೆಯ ಕಂಪ್ಯೂಟರಿಗೆ ಬಿಡಿಭಾಗಗಳು ಸಿಗದಂತಾಗಿದ್ದವು. ಅದರ ಆಪರೇಟಿಂಗ್ ಸಿಸ್ಟಂನಲ್ಲಿ ಒಂದಕ್ಷರವನ್ನೂ ಬದಲಿಸದೆ ಅದನ್ನು ಹೊಸ ಪಿಸಿಯಲ್ಲಿ ಓಡಿಸಬೇಕಿತ್ತು. ಅದಕ್ಕಾಗಿ ಹಳೆಯ ಯಂತ್ರದಂತೆಯೇ ನಟಿಸುವ ಪ್ರೋಗ್ರಾಂ ಬರೆಯಲು ಸೆಕ್ಟರ್ ಫೈವ್‌ನ ನಮ್ಮ ಸಾಫ್ಟ್‌ವೇರ್ ಕಚೇರಿಯಿಂದ ನನ್ನನ್ನು ಕಳಿಸಿದರು.

ಮೂರು ವಾರವಾದರೂ ಸಿಸ್ಟಂ ಶುರುವಿನಲ್ಲೇ ನಿಂತುಬಿಡುತ್ತಿತ್ತು. ಕೊನೆಗೆ ಆಪರೇಟರ್ ಬಿಮಲ್‌ದಾ ಅವರನ್ನು ಕೇಳಿದೆ. ಇಪ್ಪತ್ತೆರಡು ವರ್ಷಗಳಿಂದ ಆ ಯಂತ್ರವನ್ನು ದಿನಾ ಬೆಳಿಗ್ಗೆ ಶುರು ಮಾಡುತ್ತಿದ್ದವರು ಅವರೊಬ್ಬರೇ.

"ಇದು ಓಡಿದ್ರೆ ನನಗೆ ಕೆಲಸ ಇರುತ್ತಾ, ಭಾಯಿ?"

"ಗೊತ್ತಿಲ್ಲ, ದಾದಾ," ಎಂದೆ. ಗೊತ್ತಿತ್ತು.

ಅವರು ಪರದೆ ನೋಡಿ ನಕ್ಕರು. "ಪ್ರೋಗ್ರಾಂ ಕೈಲಿ ಸ್ಟಾರ್ಟ್ ಬಟನ್ ಬೇಗ ಒತ್ತಿಸ್ತಿದ್ದೀಯ. ಪವರ್ ಹಾಕಿ, ನಾನು ಒಂದು ಚಹಾ ಮುಗಿಸಿ ಆಮೇಲೆ ಒತ್ತೋದು. ಸಿಸ್ಟಂಗೆ ತಯಾರಾಗೋಕೆ ಅಷ್ಟು ಹೊತ್ತು ಬೇಕು."

ಪ್ರೋಗ್ರಾಂನಲ್ಲಿ ನಾಲ್ಕು ನಿಮಿಷದ ಬಿಡುವು ಸೇರಿಸಿದೆ. ಸಿಸ್ಟಂ ಶುರುವಾಯಿತು. ಬಿಮಲ್‌ದಾ ಚಪ್ಪಾಳೆ ತಟ್ಟಿದರು.

ತಿಂಗಳೊಳಗೆ ಯಂತ್ರವನ್ನು ಗುಜರಿಗೂ ಅವರನ್ನು ಮನೆಗೂ ಕಳಿಸಿದರು. ಹೊಸ ಪಿಸಿ ದಿನಾ ಬೆಳಿಗ್ಗೆ ನಾಲ್ಕು ನಿಮಿಷ ಸುಮ್ಮನಿರುತ್ತದೆ ಎಂದು ಕಾರ್ಖಾನೆಯವರು ದೂರು ಕೊಟ್ಟಿದ್ದಾರೆ. ಬಿಮಲ್‌ದಾ ಚಹಾ ಮುಗಿಸಲೆಂದು ಅದು ಕಾಯುತ್ತಿದೆ ಎಂದು ನಾನಿನ್ನೂ ಉತ್ತರ ಬರೆದಿಲ್ಲ.