ತೀರ್ಥ ತಡೆದ ಆಯಮ್ಮ

ಹಿತಕಿದ ಬೇಳೆಗೆ ಅವರೆಕಾಳು ಹಿಚುಕುತ್ತಾ ಕೂತಿದ್ದೆ, ಆಸ್ಪತ್ರೆಯ ಆಯಮ್ಮನ ಮಗಳ ಫೋನು ಬಂತು. "ಅಮ್ಮ ಬೆಳಿಗ್ಗೆ ಹೋಗ್ಬಿಟ್ರು ಅಕ್ಕ." ನನ್ನ ಒದ್ದೆ ಬೆರಳು ನೋಡಿಕೊಂಡೆ, ಕಣ್ಣಿಗೆ ಕಟ್ಟಿದ್ದು ಆಯಮ್ಮನ ಬೆರಳು. ದಿನವಿಡೀ ಸೋಪು, ಸ್ಪಿರಿಟ್ಟು ತಾಗಿ ಸಂದುಸಂದೆಲ್ಲ ಬಿರಿದು ಬಿಳಿಚಿಕೊಂಡಿದ್ದವು.

ಆರು ವರ್ಷದ ಹಿಂದಿನ ಮಾತು. ನಮ್ಮ ಯಜಮಾನರಿಗೆ ರಕ್ತದ ಕ್ಯಾನ್ಸರು. ಎಲೆಕ್ಟ್ರಾನಿಕ್ ಸಿಟಿ ಕಡೆಯ ಆಸ್ಪತ್ರೆಯಲ್ಲಿ ಅವರ ತಮ್ಮನ ಕಾಂಡಕೋಶ, ಹೊಸ ರಕ್ತ ಹುಟ್ಟಿಸುವ ಬೀಜದಂಥದ್ದು, ಹಾಕಿದ್ದರು. ಅದು ಬೇರೂರುವವರೆಗೆ ಮೈಗೆ ರೋಗ ತಡೆಯುವ ಶಕ್ತಿಯೇ ಇರುವುದಿಲ್ಲವಂತೆ. ಅದೇ ಹೊತ್ತಿಗೆ ಜ್ವರ ಬಂತು. "ರಕ್ತದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿದೆ. ಮಾಮೂಲಿ ಆಂಟಿಬಯಾಟಿಕ್ ಯಾವುದಕ್ಕೂ ಬಗ್ತಿಲ್ಲ. ಉಳಿದಿರೋದು ಒಂದೆರಡು ಔಷಧಿ, ನೋಡೋಣ" ಅಂದರು ಡಾಕ್ಟರು.

ಆಯಮ್ಮ ಹೆಬ್ಬಗೋಡಿಯವಳು. ಯಜಮಾನರನ್ನು ಒಬ್ಬರನ್ನೇ ಇಟ್ಟಿದ್ದ ಕೋಣೆಯ ನೆಲ ಒರೆಸುವುದು ಅವಳ ಕೆಲಸ. ಬಾಗಿಲು ಕಾಯುವುದು ಅವಳೇ ಹಚ್ಚಿಕೊಂಡದ್ದು. ದೊಡ್ಡ ಡಾಕ್ಟರನ್ನೂ ಬಿಡುತ್ತಿರಲಿಲ್ಲ. "ಸಾರ್, ಕೈ! ಮದ್ವೆ ಮನೆಗೆ ನುಗ್ದಂಗೆ ನುಗ್ತೀರಲ್ಲ!" ಅವರು ನಗುತ್ತಾ ವಾಪಸ್ ಸಿಂಕಿಗೆ ಹೋಗುತ್ತಿದ್ದರು.

ಜ್ವರದ ನಾಲ್ಕನೇ ದಿನ ಯಜಮಾನರು ನನ್ನ ಗುರುತೇ ಹಿಡಿಯಲಿಲ್ಲ. ಮಾರನೆಯ ದಿನ ದೇವಸ್ಥಾನದ ತೀರ್ಥವನ್ನು ಸಣ್ಣ ಶೀಶೆಗೆ ತುಂಬಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದೆ. ಒಳಗೆ ಬಿಡುವ ಮುಂಚೆ ಗೌನು ಕಟ್ಟುವಾಗ ಅದು ಆಯಮ್ಮನ ಕೈಗೆ ತಾಗಿತು.

"ಏನಮ್ಮ ಇದು?"

"ತೀರ್ಥ. ಒಂದು ತೊಟ್ಟು ತುಟಿಗೆ ಸವರ್ತೀನಿ, ಬಿಡು."

"ಬಿಡಾಕಿಲ್ಲ."

"ದೇವರನ್ನೂ ಹೊರಗೆ ನಿಲ್ಲಿಸ್ತೀಯಾ ನೀನು?" ಕಿರುಚಿಬಿಟ್ಟೆ.

ಅವಳು ದನಿ ಏರಿಸಲಿಲ್ಲ. "ದೇವ್ರು ಆಗ್ಲೇ ಒಳಗವ್ನೆ ಕಣಮ್ಮ. ಈ ನೀರಲ್ಲಿ ಇನ್ನೂ ಯಾರ್ಯಾರವ್ರೋ, ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ." ಶೀಶೆಯನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗಿಟ್ಟಳು. "ಅವ್ರ ಎಸ್ರಲ್ಲಿ ನೀನು ಕುಡಿ. ನಿನ್ ಒಟ್ಟೆ ತಡ್ಕೋತದೆ."

ಅಳುತ್ತಾ ಅಲ್ಲೇ ಕುಡಿದೆ. ಮತ್ತೆ ಕೈ ತೊಳೆಸಿ ಒಳಗೆ ಬಿಟ್ಟಳು.

ಅಂದು ಜ್ವರ ಅರ್ಧ ಡಿಗ್ರಿ ಇಳಿಯಿತು. ಅಷ್ಟಕ್ಕೇ ಕೈ ಮುಗಿದೆ. ಮರುದಿನ ಇನ್ನರ್ಧ. ಉಳಿದಿದ್ದ ಔಷಧಿ ಹಿಡಿಯಿತು ಅಂದರು ಡಾಕ್ಟರು. ಆ ಶೀಶೆ ಒಳಗೆ ಹೋಗಿದ್ದಿದ್ದರೆ? ದಿನಾ ದೀಪ ಹಚ್ಚುವಾಗ ಈಗಲೂ ಅದೇ ನೆನಪಾಗುತ್ತದೆ.

"ಯಾರ್ದೇ ಫೋನು?" ಯಜಮಾನರು ಕೋಣೆಯಿಂದ ಕೇಳಿದರು. ಹೇಳಿದೆ. ಆಮೇಲೆ ನಲ್ಲಿಯ ಸದ್ದು. ಬಹಳ ಹೊತ್ತು ಕೈ ತೊಳೆದರು. ಬಂದು ನನ್ನೆದುರು ಕೂತು, ಒಂದು ಹಿಡಿ ಕಾಳು ತಮ್ಮ ಕಡೆ ಎಳೆದುಕೊಂಡರು. ನಾನೂ ಹಿಚುಕತೊಡಗಿದೆ.